ದ್ರಾಕ್ಷಿ ಬಳ್ಳಿಯ ಮೇಡಂ

ಕಳೆದ ವಾರ ಸಹಕಾರನಗರದ ಟೈಲರ್ ಅಂಗಡಿಗೆ ಬ್ಲೌಸ್ ಕೊಡಲು ಹೋಗಿದ್ದೆ. ಒಳಗೆ ಯಾರೋ ತೂತು ಚುಚ್ಚಿದ ಟ್ರೇಸಿಂಗ್ ಪೇಪರನ್ನು ಬಟ್ಟೆಯ ಮೇಲಿಟ್ಟು, ಸೀಮೆಎಣ್ಣೆಯಲ್ಲಿ ಕಲಸಿದ ಬಿಳಿ ಪುಡಿ ಉಜ್ಜುತ್ತಿದ್ದರು. ಹಾಗೆ ಉಜ್ಜಿದರೆ ಕಸೂತಿಯ ಡಿಸೈನ್ ಬಟ್ಟೆಗೆ ಇಳಿಯುತ್ತದೆ. ಆ ಸೀಮೆಎಣ್ಣೆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಅಟ್ಟೂರಿನ ಮೇಡಂ ಮನೆಯ ಮಹಡಿಯಲ್ಲಿದ್ದೆ... ಬೆನ್ನುನೋವು, ಬೈಗುಳ ಎಲ್ಲ ಸಮೇತ.

ಮೇಡಂ ನಮಗೆ ಮಗ್ಗಂ ವರ್ಕ್ ಕಲಿಸುತ್ತಿದ್ದರು. ಮರದ ಚೌಕಟ್ಟಿಗೆ ಬಟ್ಟೆ ಬಿಗಿದು, ಕೊಕ್ಕೆ ಸೂಜಿಯಲ್ಲಿ ಹಾಕುವ ಕಸೂತಿ. ಅವರ ಕೈ ಚಿನ್ನ. ಬಾಯಿಯ ವಿಷಯ ಬರೆಯಲು ಹೋಗುವುದಿಲ್ಲ. ಸಾಲು ಸೊಟ್ಟಗಾದರೆ ಕಡ್ಡಿ ತೆಗೆದು ಬೆರಳ ಗೆಣ್ಣಿಗೇ ಬಾರಿಸುತ್ತಿದ್ದರು. ಆಗಲೇ ಇಬ್ಬರು ಮಕ್ಕಳ ತಾಯಿಯಾಗಿದ್ದ ನನಗೂ ಬಿದ್ದಿದೆ. ಒಳಗೆ ಕಾಲಿಟ್ಟ ಕೂಡಲೇ ಎಲ್ಲರ ಫೋನುಗಳೂ ಅಕ್ಕಿ ಡಬ್ಬದೊಳಕ್ಕೆ ಹೋಗಬೇಕಿತ್ತು. ನಾವು ಡಿಸೈನಿನ ಫೋಟೊ ಕದ್ದು ಮಾರಿಬಿಡುತ್ತೇವೆಂಬ ಅನುಮಾನ.

ಅನುಮಾನಕ್ಕೆ ಕಾರಣವಿತ್ತು, ಇಲ್ಲವೆನ್ನುವುದಿಲ್ಲ. ಹಿಂದೊಮ್ಮೆ ಅವರ ನವಿಲಿನ ಡಿಸೈನನ್ನು ಒಂದು ಬೊಟಿಕ್‌ನವರು ಎತ್ತಿಕೊಂಡು ತಮ್ಮದೆಂದೇ ಮಾರಿದ್ದರು. ಮೇಡಂ ವಕೀಲರ ಬಳಿ ಚಪ್ಪಲಿ ಸವೆಯುವಷ್ಟು ಅಲೆದರು. ನಿಮ್ಮದೆನ್ನಲು ಪುರಾವೆ ಏನಿದೆ ಎಂದು ಕೇಳಿ ಕಳಿಸಿದರಂತೆ. ಅಂದಿನಿಂದ ಅವರ ಬಾಯಲ್ಲಿ ಮೂರು ಹೊತ್ತೂ ಕಾಪಿರೈಟ್ ಜಪ. ಮುಂದಿನ ಡಿಸೈನನ್ನು ರಿಜಿಸ್ಟರ್ ಮಾಡಿಸಿಯೇ ಹೊರಗೆ ಬಿಡುತ್ತೇನೆಂದು ಹಠ ಹಿಡಿದರು.

ಆ ಮುಂದಿನ ಡಿಸೈನೇ ದ್ರಾಕ್ಷಿ ಬಳ್ಳಿ. ಬ್ಲೌಸಿನ ಬೆನ್ನ ಮೇಲೆ ಒಂದು ಭುಜದಿಂದ ಇನ್ನೊಂದು ಭುಜಕ್ಕೆ ಒಂದೇ ಎಳೆಯಲ್ಲಿ ಹರಿಯುವ ಬಳ್ಳಿ, ನಡುನಡುವೆ ನೇರಳೆ ಮಣಿಗಳ ಗೊಂಚಲು. ಅದನ್ನು ಬಿಡಿಸಿದ್ದು ಮೇಡಂ ಅಲ್ಲ, ಕೋಗಿಲಿನಿಂದ ಬರುತ್ತಿದ್ದ ಹುಡುಗಿ. ಅವಳ ತಾತನಿಗೆ ಹಿಂದೆ ದ್ರಾಕ್ಷಿ ತೋಟವಿತ್ತು, ಈಗ ಅಲ್ಲೆಲ್ಲ ಸೈಟುಗಳು. ಗೊಂಚಲು ಹೇಗೆ ತೂಗಬೇಕೆಂದು ಹೊಳೆಯದೆ ಮೇಡಂ ಪೆನ್ಸಿಲ್ ಎಸೆದ ದಿನ, "ಇಂಗೆ ಬಿಟ್ರೆ ಎಂಗಿರ್ತದೆ ಮೇಡಂ?" ಎನ್ನುತ್ತಲೇ ಅವಳು ಇಡೀ ಬಳ್ಳಿಯನ್ನು ಎಳೆದುಬಿಟ್ಟಳು. ಮೇಡಂ ಅವಳ ತಲೆ ಸವರಿದರು. ಆಮೇಲೆ ಡಿಸೈನ್ ಮೇಡಂ ಹೆಸರಿನಲ್ಲಿ ರಿಜಿಸ್ಟರ್ ಆಯಿತು.

ನಾನು ಸುಮ್ಮನಿರುವವಳಲ್ಲ. ಅದು ಅವಳು ಬಿಡಿಸಿದ್ದಲ್ಲವೇ ಎಂದು ಕೇಳಿಯೇ ಬಿಟ್ಟೆ.

"ನನ್ ಕ್ಲಾಸಲ್ಲಿ, ನನ್ ಪೇಪರ್ ಮೇಲೆ ಬಿಡ್ಸಿದ್ದೆಲ್ಲ ನಂದೇ ಕಣಮ್ಮ. ನಿನ್ ಕೆಲ್ಸ ನೀನು ನೋಡ್ಕೊ."

ಹುಡುಗಿ ಮಾತ್ರ ನಗುತ್ತಲೇ ಇದ್ದಳು. ತಾನು ಬಿಡಿಸಿದ್ದು ಮೇಡಂ ಹೆಸರಿಗೆ ಸಲ್ಲುವಷ್ಟು ಚೆನ್ನಾಗಿದೆಯಲ್ಲ ಎಂದು ಅವಳಿಗೆ ಹೆಮ್ಮೆ. ಪಾಪದ್ದು.

ಕ್ಲಾಸಿನಲ್ಲಿ ಒಂದು ಪದ್ಧತಿಯಿತ್ತು. ಶಿಷ್ಯೆಯ ಮೊದಲ ದೊಡ್ಡ ಕೆಲಸಕ್ಕೆ ಕೊನೆಯ ಗಂಟನ್ನು ಮೇಡಂ ಕೈಯಿಂದಲೇ ಹಾಕಿಸಬೇಕು. ಈ ಕಸೂತಿ ಸರಪಳಿಯ ಹಾಗೆ. ಕೊನೆಯ ಗಂಟು ಬೀಳುವ ತನಕ ಅದಕ್ಕೆ ಹಿಡಿತವಿಲ್ಲ, ತುದಿ ಎಳೆದರೆ ಇಡೀ ಸಾಲು ಬಿಚ್ಚಿಕೊಂಡು ಬರುತ್ತದೆ. ಆ ಗಂಟೆಂದರೆ ಗುರುವಿನ ಆಶೀರ್ವಾದ ಎಂದು ನಾವೆಲ್ಲ ನಂಬಿದ್ದೆವು.

ಹುಡುಗಿಗೆ ಮದುವೆ ಗೊತ್ತಾಯಿತು. ಧಾರೆ ಸೀರೆಯ ಬ್ಲೌಸಿಗೆ ತನ್ನ ಬಳ್ಳಿಯನ್ನೇ ಮನೆಯಲ್ಲಿ ಕೂತು ಹಾಕಿದಳು. ಮದುವೆಗೆ ನಾಲ್ಕಾರು ದಿನ ಇರುವಾಗ, ಕೊನೆಯ ಗಂಟೊಂದನ್ನು ಉಳಿಸಿಕೊಂಡು, ಚೌಕಟ್ಟಿನ ಸಮೇತ ಆಟೋದಲ್ಲಿ ತಂದು ಮೇಡಂ ಮುಂದಿಟ್ಟಳು. ಜೊತೆಗೆ ಎಲೆ ಅಡಿಕೆ, ಲಗ್ನಪತ್ರಿಕೆ.

ಮೇಡಂ ತುಂಬ ಹೊತ್ತು ನೋಡಿದರು. ಅದು ಮೇಡಂ ಹಾಕಿದ್ದಕ್ಕಿಂತ ಚೆನ್ನಾಗಿತ್ತು... ನಮಗೆ ಕಂಡದ್ದು ಅವರಿಗೆ ಕಾಣದೇ ಇದ್ದೀತೇ?

"ಯಾರನ್ನ ಕೇಳಿ ಹಾಕ್ದೆ ಇದನ್ನ?"

"ನನ್ ಮದ್ವೇಗೇ ಮೇಡಂ. ಮಾರಕ್ಕಲ್ಲ."

"ಮದ್ವೇಲಿ ಊರವ್ರೆಲ್ಲ ಫೋಟೊ ಹೊಡೀತಾರೆ. ನಾಳೆ ಬೀದಿ ಬೀದೀಲಿ ಇರತ್ತೆ ನನ್ ಡಿಸೈನು."

ಹುಡುಗಿ ಸೂಜಿಯನ್ನು ಮುಂದೆ ಹಿಡಿದೇ ಇದ್ದಳು. ಮೇಡಂ ಸೂಜಿ ತೆಗೆದುಕೊಳ್ಳಲಿಲ್ಲ. ಚೌಕಟ್ಟಿನ ಅಡಿಗೆ ಕೈ ಹಾಕಿ, ದಾರದ ತುದಿ ಹಿಡಿದು ಎಳೆದರು. ನಾನು ಎದ್ದು ಅವರ ಕೈ ಹಿಡಿಯುವಷ್ಟರಲ್ಲಿ ಬಳ್ಳಿಯೆಲ್ಲ ಸರ್ರನೆ ಬಿಚ್ಚಿಕೊಂಡು ಹೋಗಿತ್ತು. ಮಣಿಗಳು ನೆಲದ ತುಂಬ ಚೆಲ್ಲಿದವು. ರೇಷ್ಮೆಯ ಮೇಲೆ ಬರೀ ತೂತುಗಳು ಉಳಿದವು.

"ಮಣಿ ನಿಂದು, ಆರಿಸ್ಕೊ. ಬಳ್ಳಿ ನಂದು" ಎಂದರು ಮೇಡಂ.

ಅವಳು ಅಳಲಿಲ್ಲ. ಮಂಡಿಯೂರಿ ಮಣಿಗಳನ್ನೆಲ್ಲ ಆರಿಸಿದಳು, ಆರಿಸಿ ಮೇಡಂ ಮೇಜಿನ ಮೇಲಿಟ್ಟು ಹೊರಟುಹೋದಳು. ಸೀರೆಗೆ ಒಪ್ಪುವ ಬೇರೆ ಬಟ್ಟೆ ಸಿಗದೆ, ಆ ತೂತಿನ ರೇಷ್ಮೆಯಲ್ಲೇ ಬ್ಲೌಸ್ ಹೊಲಿಸಿದಳು. ಧಾರೆಯ ಹೊತ್ತಿನಲ್ಲಿ ಸೆರಗನ್ನು ಬೆನ್ನಿಗೆ ಬಿಗಿಯಾಗಿ ಹೊದ್ದು ಕೂತಿದ್ದಳು. ಮೇಡಂ ಮದುವೆಗೂ ಬಂದಿದ್ದರು! ಮೊದಲ ಪಂಕ್ತಿಯಲ್ಲೇ ಉಂಡು, ಪಾಯಸ ನೀರಾಯಿತೆಂದು ಹೇಳಿ ಹೋದರು. ನಾನು ಮತ್ತೆ ಆ ಕ್ಲಾಸಿನ ಮೆಟ್ಟಿಲು ಹತ್ತಲಿಲ್ಲ.

ಹೋದ ವರ್ಷ ಮೇಡಂ ತೀರಿಕೊಂಡರು. ನೋಡಲು ಹೋಗಿದ್ದೆ. ಏನೇ ಆಗಲಿ ನನ್ನ ಕೈಗೆ ಸೂಜಿ ಕೊಟ್ಟವರು. ಅವರ ಮಗನಿಗೆ ಸೂಜಿಯೆಂದರೆ ಇಂಜೆಕ್ಷನ್ ಒಂದೇ ಗೊತ್ತು. ಅಮ್ಮನ ತಿಥಿ ಮುಗಿಯುವ ಮೊದಲೇ ದ್ರಾಕ್ಷಿ ಬಳ್ಳಿಯನ್ನು ಯಶವಂತಪುರದ ಒಂದು ಕಂಪ್ಯೂಟರ್ ಎಂಬ್ರಾಯ್ಡರಿಯವರಿಗೆ ಬರೆದುಕೊಟ್ಟ.

ಟೈಲರ್ ಅಂಗಡಿಯಿಂದ ಹೊರಗೆ ಬಂದವಳು ಕೋಗಿಲಿನ ಹುಡುಗಿಗೆ ಫೋನ್ ಮಾಡಿದೆ. ಈಗ ಅವಳು ಗಂಡನ ಜೊತೆ ದೇವನಹಳ್ಳಿಯಲ್ಲಿ ಹಾರ್ಡ್‌ವೇರ್ ಅಂಗಡಿ ನೋಡಿಕೊಳ್ಳುತ್ತಾಳೆ. ಮದುವೆಯಾದ ಮೇಲೆ ಕಸೂತಿ ಮುಟ್ಟಿಲ್ಲ. ಮೇಡಂ ಹೋದದ್ದು ಅವಳಿಗೆ ಗೊತ್ತೇ ಇರಲಿಲ್ಲ. ನಾನೇ ಹೇಳಬೇಕಾಯಿತು.

"ಇವಾಗ ಆ ಬಳ್ಳಿ ಯಾರ್ದಕ್ಕಾ?"

ಹೇಳಿದೆ. ಮಗ ಮಾರಿದ್ದು, ಮಿಷನ್‌ನಲ್ಲಿ ಹಾಕಿಸುತ್ತಿರುವುದು, ಅಂಗಡಿ ಅಂಗಡಿಯಲ್ಲೂ ಸಾಲಾಗಿ ನೇತುಹಾಕಿರುವುದು, ಎಲ್ಲ.

ನಕ್ಕಳು. "ಅಂಗಾದ್ರೆ ಇನ್ಮೇಲೆ ನಾನೂ ಒಂದು ತಗೊಂಡು ಆಕ್ಕೋಬೌದು ಬಿಡಕ್ಕಾ."

ಮೇಡಂ ಇದ್ದಿದ್ದರೆ ಆಗಲೇ ಆಟೋ ಹತ್ತಿ ಅಟ್ಟೂರಿಗೆ ಹೋಗಿ, ಈ ಮಾತನ್ನು ಅವರ ಮುಖಕ್ಕೇ ಹೇಳಿ ಬರುತ್ತಿದ್ದೆ. ಈಗ ಹೇಳೋಣವೆಂದರೆ ಅವರಿಲ್ಲ.