ಹೆಬ್ಬೆರಳಗಲದ ಮೋಟರು

ನಾನಿರುವುದು ಭಾಂಡುಪ್‌ನಲ್ಲಿ, ಕೆಲಸ ಮಾಡುವುದು ಕಾಂದಿವಲಿಯಲ್ಲಿ. ನಡುವೆ ದಾದರ್‌ನಲ್ಲಿ ಇಳಿದು, ಸೇತುವೆ ಹತ್ತಿ, ಆ ಕಡೆಯ ಲೋಕಲ್ ಹಿಡಿಯಬೇಕು. ಗಂಡ ತೀರಿಕೊಂಡ ವರ್ಷದಿಂದ ಇದೇ ದಾರಿ. ಮೊಣಕಾಲುಗಳು ಈಗ ಮೆಟ್ಟಿಲು ಕಂಡರೆ ಮೊದಲೇ ನೋಯಲು ಶುರುಮಾಡುತ್ತವೆ. ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಮೊದಲ ಮಾಳಿಗೆಯಲ್ಲಿ ನಮ್ಮ ಗಾಲಾ, ಎಂದರೆ ಸಣ್ಣ ಕಾರ್ಖಾನೆ, ಇದೆ. ಉದ್ದನೆಯ ಒಂದೇ ಖೋಲಿ, ಎರಡು ಸಾಲು ಮೇಜು. ಅಲ್ಲಿ ನಾವು ಹೆಂಗಸರು ಮೋಟರುಗಳಿಗೆ ತಾಮ್ರದ ತಂತಿ ಸುತ್ತುತ್ತೇವೆ. ನಾನು ಎಲ್ಲರಿಗಿಂತ ಹಳಬಳಾದ್ದರಿಂದ ಉಳಿದವರ ಕೆಲಸ ನೋಡಿಕೊಳ್ಳುವುದೂ ನನ್ನ ಪಾಲಿಗೆ ಬಂದಿದೆ.

ಬಹಳ ಕಾಲ ನಾವು ಸುತ್ತಿದ್ದು ಮಿಕ್ಸರ್ ಮೋಟರು, ನೀರಿನ ಪಂಪಿನ ಮೋಟರು. ಬರಬರುತ್ತ ಅವೆಲ್ಲ ಯಂತ್ರದಲ್ಲೇ ಸುತ್ತಿಸಿಕೊಂಡು ಹೊರಗಿನಿಂದ ಅಗ್ಗಕ್ಕೆ ಬರತೊಡಗಿದವು. ಕೆಲಸ ಕಡಿಮೆಯಾಯಿತು, ಹೆಂಗಸರೂ ಕಡಿಮೆಯಾದರು. ಗಾಲಾಕ್ಕೆ ಬೀಗ ಬೀಳುವುದೇ ಎಂದುಕೊಂಡಿದ್ದಾಗ ಅದರ ಮಾಲೀಕರಾದ ಶೇಠ್ ಹೊಸ ಮೋಟರೊಂದನ್ನು ತಂದು ಮೇಜಿನ ಮೇಲಿಟ್ಟರು. ಹೆಬ್ಬೆರಳಿನಷ್ಟು ಅಗಲ. ಅದರ ಸಣ್ಣ ಹಲ್ಲುಗಳ ಸುತ್ತ ಕೂದಲಿನಂಥ ತಂತಿಯನ್ನು ಕೈಯಿಂದಲೇ ಬಿಗಿಯಾಗಿ ಸುತ್ತಬೇಕು. ಡ್ರೋನಿನದಂತೆ. ಹೊಲಕ್ಕೆ ಔಷಧಿ ಹೊಡೆಯುವ ಡ್ರೋನು, ಮದುವೆಯ ವಿಡಿಯೋ ತೆಗೆಯುವ ಡ್ರೋನು ಎಂದರು. ನಮಗೆ ಖುಷಿಯಾಯಿತು. ಕಣ್ಣು ಉರಿಯುವ ಕೆಲಸ, ಆದರೆ ಕೆಲಸ.

ಎರಡನೆಯ ವರ್ಷದಿಂದ ಮಾಲು ತೆಗೆದುಕೊಂಡು ಹೋಗುವವರು ಬದಲಾದರು. ಡಬ್ಬಿಗಳ ಮೇಲೆ ಕಂಪನಿಯ ಹೆಸರು ಇರುವುದು ನಿಂತಿತು. ಬೆಳಿಗ್ಗೆ ಒಳಗೆ ಬರುವಾಗ ನಮ್ಮ ಮೊಬೈಲುಗಳನ್ನು ಬಾಗಿಲ ಬಳಿಯ ಕಪಾಟಿನಲ್ಲಿಟ್ಟು ಬರಬೇಕು ಎಂದಾಯಿತು. ಯಾಕೆಂದು ಶೇಠ್ ಹೇಳಲಿಲ್ಲ, ನಾನು ಕೇಳಲಿಲ್ಲ. ಕೇಳಿದವಳು ಕಲಬುರಗಿ ಕಡೆಯ ಹುಡುಗಿ. ಹುಡುಗಿ ಎಂದರೆ ಎರಡು ಮಕ್ಕಳ ತಾಯಿ, ನನ್ನ ಎದುರಿನ ಮೇಜಿನವಳು. ನನ್ನ ಹಾಗೆ ಭಾಂಡುಪ್‌ನವಳೇ, ದಿನಾ ಜೊತೆಯಲ್ಲಿ ಬರುತ್ತಿದ್ದಳು. ಅವಳ ತಮ್ಮ ಸೈನ್ಯದಲ್ಲಿದ್ದ, ಗಡಿಯ ಹತ್ತಿರ.

ಒಂದು ದಿನ ಲೋಕಲ್‌ನಲ್ಲಿ ನಿಂತಿದ್ದಾಗ ಅವಳು ಮೆಲ್ಲಗೆ ಕೇಳಿದಳು, "ಅಕ್ಕಾ, ನಾವು ಸುತ್ತೋ ಮೋಟರ್ ಹಾರ್ತದಲ್ಲ, ಅದು ಏನ ಹೊತ್ಕೊಂಡು ಹೋಗ್ತದ?"

"ಔಷಧ ಅಂತ ಹೇಳ್ಯಾರಲ್ಲ."

"ಔಷಧಕ್ಕ ಫೋನ್ ಯಾಕ ಕಸ್ಗೋತಾರ?"

ಮರುದಿನ ನಾನು ಶೇಠ್‌ರನ್ನು ಕೇಳಿದೆ. ಕೆಟ್ಟ ಮನುಷ್ಯರಲ್ಲ ಅವರು. ಕನ್ನಡಕ ತೆಗೆದು ಒರೆಸುತ್ತ, "ಬಾಯಿ, ಹಮ್ ಸಿರ್ಫ್ ಮೋಟರ್ ಬನಾತೇ ಹೈಂ," ಎಂದರು. ನಾವು ಮಾಡುವುದು ಮೋಟರು ಮಾತ್ರ, ಅದರ ಮೇಲೆ ಯಾರು ಏನಿಡುತ್ತಾರೋ ನಮಗೇನು ಗೊತ್ತು ಎನ್ನುವ ಅರ್ಥದಲ್ಲಿ.

ಅವತ್ತು ಸಂಜೆ, ಸುತ್ತುವಾಗ ಕೆಟ್ಟು ಬದಿಗೆಸೆದಿದ್ದ ಒಂದು ಮೋಟರನ್ನು ಶೇಠ್‌ರಿಗೆ ಹೇಳಿಯೇ ಮನೆಗೆ ತಂದೆ. ಅಪ್ಪನಿಗೆ ತೋರಿಸಬೇಕೆನಿಸಿತ್ತು. ಅಪ್ಪ ನನ್ನ ಜೊತೆಯಲ್ಲೇ ಇದ್ದಾನೆ. ಬೆಳಗಾವಿ ಕಡೆಯ ಹಳ್ಳಿಯಿಂದ ಸೈನ್ಯಕ್ಕೆ ಸೇರಿ, ಹವಾಲ್ದಾರನಾಗಿ ಬಿಟ್ಟು ಬಂದು, ಭಾಂಡುಪ್‌ನ ಒಂದು ಫ್ಯಾಕ್ಟರಿಯ ಗೇಟಿನಲ್ಲಿ ಕಾವಲು ಮಾಡಿದವನು. ಆ ಫ್ಯಾಕ್ಟರಿ ಇದ್ದಲ್ಲಿ ಈಗ ಟವರುಗಳು ನಿಂತಿವೆ. ಅಪ್ಪ ತಾನು ಕಂಡ ಯುದ್ಧದ ಬಗ್ಗೆ ಎಂದೂ ಮಾತಾಡಿದವನಲ್ಲ. ನಮ್ಮ ಬಿಲ್ಡಿಂಗಿನವರು ಝೆಂಡಾ ಹಾರಿಸುವ ದಿನ ಕರೆದು ಕುರ್ಚಿಯಲ್ಲಿ ಕೂರಿಸಿದರೂ, ಎರಡು ಮಾತು ಹೇಳಿ ಎಂದರೆ ಕೈ ಮುಗಿದು ಎದ್ದು ಬರುತ್ತಾನೆ.

ಮೋಟರನ್ನು ಅಂಗೈಯಲ್ಲಿಟ್ಟುಕೊಂಡು ಅಪ್ಪ ಬೆರಳಿನಿಂದ ತಿರುಗಿಸಿದ. "ಇಷ್ಟನ?" ಎಂದ.

"ಇಂಥಾವು ನಾಕು ಕೂಡಿ ಒಂದು ಡ್ರೋನ್ ಎತ್ತತಾವಪ್ಪಾ."

"ನಾವು ಗಡಿಗೆ ಹೋಗೂ ಮುಂದ ರೈಲು ತುಂಬ ಮಂದಿ ಇದ್ದಿವಿ," ಎಂದ. "ಟ್ರಂಕು, ಹಾಸಿಗಿ, ಅಡಗಿ ಸಾಮಾನು. ಸ್ಟೇಷನ್ನಿಗೊಬ್ಬರು ಬಂದು ಚಾ ಕೊಡತಿದ್ರು. ಈಗ ಇದನ್ನ ಡಬ್ಬ್ಯಾಗ ಇಟ್ಟು ಕಳಸತಾರೇನ?"

ಮಗ ಒಳಗೆ ಓದುತ್ತಿದ್ದವನು ಹೊರಗೆ ಬಂದ. ಅವನು ಸರಕಾರಿ ಪರೀಕ್ಷೆಗಳಿಗೆ ಓದುತ್ತಿರುವವನು, ಕನ್ನಡ ಅರ್ಥವಾಗುತ್ತದೆ, ಮಾತು ತಡವರಿಸುತ್ತದೆ. "ಅಜ್ಜಾ, ಆಕ್ಚುವಲಿ ಯುದ್ಧ ಈಗ ಕಮ್ಮಿ ಆಗಿದೆ," ಎಂದ. "ಪೆಹಲೇ ಬಡೇ ಬಡೇ ದೇಶ ಡೈರೆಕ್ಟ್ ಲಡಾಯಿ ಮಾಡ್ತಿದ್ರು. ಲಾಖೋಂ ಜನ ಸತ್ತರು. ಈಗ ಹಾಗೆ ಇಲ್ಲ. ನಮ್ಮ ಕ್ಲಾಸಲ್ಲಿ ಹೇಳಿದ್ರು."

"ಹೌದಾ? ಛಲೋ ಆತಲ್ಲ," ಎಂದ ಅಪ್ಪ. ಅದರಲ್ಲಿ ಕೊಂಕಿರಲಿಲ್ಲ. ಮೋಟರನ್ನು ಟೀಪಾಯಿಯ ಮೇಲಿಟ್ಟ.

ಕೆಲವು ತಿಂಗಳ ನಂತರ ಗಡಿಯಲ್ಲಿ ಹೊಡೆದಾಟ ಶುರುವಾಯಿತು. ಅದನ್ನು ಯುದ್ಧ ಎನ್ನಬೇಕೋ ಬೇಡವೋ ಎಂದು ಟಿವಿಯವರೇ ಜಗಳಾಡುತ್ತಿದ್ದರು. ರಾತ್ರಿಯೆಲ್ಲ ಡ್ರೋನುಗಳು ಬಂದವು, ಹೋದವು ಎಂದು ಬೆಳಿಗ್ಗೆ ಸುದ್ದಿ. ನಮ್ಮ ಕಡೆಯೂ ಒಂದು ಸಂಜೆ ಸೈರನ್ ಊದಿ ದೀಪ ಆರಿಸುವ ಅಭ್ಯಾಸ ಮಾಡಿಸಿದರು. ಅಪ್ಪ ಎಲ್ಲ ದೀಪ ಆರಿಸಿ ಕಿಟಕಿಗೆ ಚಾದರ ಕಟ್ಟಿದ. ಎದುರಿನ ಟವರಿನಲ್ಲಿ ಅರ್ಧದಷ್ಟು ದೀಪಗಳು ಉರಿಯುತ್ತಲೇ ಇದ್ದವು. ಬಾಲ್ಕನಿಗಳಲ್ಲಿ ಜನ ನಿಂತು ಮೊಬೈಲಿನಲ್ಲಿ ಕತ್ತಲೆಯ ವಿಡಿಯೋ ತೆಗೆಯುತ್ತಿದ್ದರು.

ಕಲಬುರಗಿಯವಳ ತಮ್ಮನ ಫೋನ್ ಹತ್ತುತ್ತಿರಲಿಲ್ಲ. ಅವಳು ದಿನಾ ಬರುತ್ತಿದ್ದಳು, ಆದರೆ ಅವಳ ಕೈಯಲ್ಲಿ ತಂತಿ ಪದೇ ಪದೇ ತುಂಡಾಗುತ್ತಿತ್ತು. ನಾನು ಅವಳನ್ನು ಪ್ಯಾಕಿಂಗ್ ಮೇಜಿಗೆ ಹಾಕಿದೆ. ಊಟದ ಹೊತ್ತಿಗೆ ಬಂದು, "ಅಕ್ಕಾ, ನನ್ನ ಮತ್ತ ತಂತಿಗೇ ಹಾಕು. ಡಬ್ಬಿ ಕಟ್ಟುವಾಗ ತಲಿ ಖಾಲಿ ಇರ್ತದ, ಏನೇನೋ ವಿಚಾರ ಬರ್ತಾವ," ಎಂದಳು. ಹಾಕಿದೆ. ಕೆಟ್ಟ ಮೋಟರುಗಳ ರಾಶಿ ನೋಡಿದರೂ ಶೇಠ್ ಅವಳಿಗೆ ಏನೂ ಅನ್ನಲಿಲ್ಲ.

ಆಮೇಲೆ ಒಂದು ಮಧ್ಯಾಹ್ನ ಎಲ್ಲ ನಿಂತಿತು ಎಂದರು. ಕಪಾಟಿನಲ್ಲಿದ್ದ ಅವಳ ಮೊಬೈಲಿಗೆ ತಮ್ಮನ ಫೋನ್ ಬಂತು. ಅವಳು ಗಾಲಾದ ಹೊರಗೆ ಮೆಟ್ಟಿಲ ಮೇಲೆ ಕೂತು ಅತ್ತು, ಮುಖ ತೊಳೆದು ಒಳಗೆ ಬಂದಳು. "ಅರಾಮ ಇದ್ದಾನಕ್ಕಾ. ಅವನಿಗಿ ಒಬ್ಬ ಮನುಷ್ಯಾನೂ ಕಾಣಿಸ್ಲಿಲ್ಲಂತ. ಬರೇ ಮ್ಯಾಲಿಂದ ಗುಂಯ್ ಅನ್ನೋ ಸಪ್ಪಳ. ಬಂಕರಿನಾಗ ಕುಂತು ಅದನ್ನೇ ಕೇಳ್ತಿದ್ದಂತ."

ನಮ್ಮ ಗಾಲಾದ ಮೂಲೆಯಲ್ಲಿ ಮೋಟರುಗಳನ್ನು ಪರೀಕ್ಷಿಸುವ ಮೇಜಿದೆ. ಸುತ್ತಿ ಮುಗಿಸಿದ ಪ್ರತಿ ಮೋಟರಿಗೂ ರೆಕ್ಕೆ ಸಿಕ್ಕಿಸಿ ಜೋರಾಗಿ ಓಡಿಸಿ ನೋಡುತ್ತಾರೆ. ದಿನವಿಡೀ ಅದರ ಸದ್ದು ಇದ್ದೇ ಇರುತ್ತದೆ, ನಮಗೆ ಕೇಳಿಸುವುದು ನಿಂತುಹೋಗಿತ್ತು. ಆ ದಿನದಿಂದ ಅವಳಿಗೆ ಅದು ಕೇಳಿಸತೊಡಗಿತು. ಸದ್ದು ಶುರುವಾದೊಡನೆ ಅವಳ ಕೈ ನಿಲ್ಲುತ್ತಿತ್ತು. ಕಿವಿಗೆ ಹತ್ತಿ ಇಟ್ಟುಕೊಂಡಳು. ಒಂದು ವಾರ ಕಳೆದು, "ಬ್ಯಾಡಕ್ಕಾ, ನನ್ನ ಕಡಿಂದ ಆಗಲ್ಲ," ಎಂದು ಬಿಟ್ಟು ಹೋದಳು. ಭಾಂಡುಪ್‌ನಲ್ಲೇ ಎರಡು ಮನೆಗಳ ಅಡುಗೆ ಹಿಡಿದಳು.

ಹೊಡೆದಾಟ ನಿಂತರೆ ಮಾಲೂ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲಲಿಲ್ಲ, ಹೆಚ್ಚಾಯಿತು. ಶೇಠ್ ಪಕ್ಕದ ಗಾಲಾವನ್ನೂ ಬಾಡಿಗೆಗೆ ಹಿಡಿದರು. ಈ ಸಂಗತಿಯನ್ನು ಅಪ್ಪನಿಗೆ ಹೇಳಿದೆ. ಭಾನುವಾರ, ಮಗ ಅಲ್ಲೇ ಕೂತು ಅವಲಕ್ಕಿ ತಿನ್ನುತ್ತಿದ್ದ. ಅಪ್ಪ ಅವನ ಕಡೆ ತಿರುಗಿ ತಾನು ಕಂಡ ಯುದ್ಧದ ಮಾತು ತೆಗೆದ. ನನ್ನ ಜನ್ಮದಲ್ಲಿ ಮೊದಲ ಸಲ.

"ಲಡಾಯಿ ಮುಗೀತಂತ ರೇಡಿಯೋದಾಗ ಹೇಳಿದಾಗ ನಿಮ್ಮಜ್ಜಿ ಓಣಿಗೆಲ್ಲ ಸಕ್ಕರಿ ಹಂಚಿದ್ಳಂತ. ಆದ್ರ ನಮ್ಮನ್ನ ಬಿಡಲಿಲ್ಲ. ನಾವ ಹುಗದಿಟ್ಟ ಮೈನು, ನೆಲದಾಗಿನ ಬಾಂಬು, ನಾವ ತಗೀಬೇಕಿತ್ತು. ಗೋಧಿ ಹೊಲದಾಗ. ಮಳಿ ಬಂದು ಅವು ಇಟ್ಟಲ್ಲಿ ಇರಲಿಲ್ಲ. ಕುಕ್ಕರಗಾಲಲೆ ಕುಂತು ಮಣ್ಣಿಗೆ ಕಡ್ಡಿ ಚುಚ್ಚಿ ನೋಡೂದು, ಒಂದು ಗೇಣು ಮುಂದ ಸರಿಯೂದು. ನನ್ನ ಬಾಜೂಕ ಮಲಗಾಂವ ಒಬ್ಬ ಇದ್ದ, ಗೋಕಾಕ ಕಡೀಯಾಂವ. ಅವನ ಕಾಲು ಆವಾಗ ಹೋತು. ಲಡಾಯಿ ಮುಗದ ಎಷ್ಟೋ ತಿಂಗಳ ಮ್ಯಾಲ."

ಮಗ ಚಮಚ ಕೆಳಗಿಟ್ಟ.

"ಕಮ್ಮಿ ಆಗೈತಿ ಅಂದಿ. ಆಗಿರಬೇಕು. ನಮ್ಮಷ್ಟು ಮಂದಿ ಈಗ ಯಾರೂ ಕಳಸೂದಿಲ್ಲ, ಅದು ಛಲೋನ. ಆ ಕಾಲು ಯಾವ ಲೆಕ್ಕದಾಗ ಬಂದೈತೋ ನನಗ ತಿಳಿಯೂದಿಲ್ಲ ನೋಡಪಾ."

"ಅಜ್ಜಾ, ಅವರು ಈಗ ಇದಾರಾ?" ಎಂದು ಮಗ ಕೇಳಿದ.

"ಇಲ್ಲ. ಊರಾಗ ಹಿಟ್ಟಿನ ಗಿರಣಿ ಇಟ್ಟಿದ್ದ. ವಯಸ್ಸಾಗಿ ಹೋದ."

ಮಳೆಗಾಲ ಮುಗಿದ ಮೇಲೆ ಭಾಂಡುಪ್‌ನ ತರಕಾರಿ ಮಾರ್ಕೆಟ್ಟಿನಲ್ಲಿ ಕಲಬುರಗಿಯವಳು ಸಿಕ್ಕಳು. ಮೆಂತ್ಯೆ ಆರಿಸುತ್ತಿದ್ದಳು. ತಮ್ಮ ರಜೆಗೆ ಬಂದು ಹೋದನಂತೆ. "ಹೆಂಗ ಇದ್ದಾನ?" ಎಂದೆ.

"ಅರಾಮ ಇದ್ದಾನ. ಉಂಡ, ನಕ್ಕ, ಮಕ್ಕಳನ್ನ ಚೌಪಾಟಿಗಿ ಕರ್ಕೊಂಡು ಹೋದ. ಆದ್ರ ಮನ್ಯಾಗ ಫ್ಯಾನ್ ಹಚ್ಚಗೊಡಲಿಲ್ಲಕ್ಕಾ. ಇಂಥಾ ಸೆಕಿಯಾಗ. ಬಂದ್ ಮಾಡು ಅಂತಿದ್ದ, ಯಾಕಂತ ಹೇಳ್ಲಿಲ್ಲ. ಮಕ್ಕಳು ಬೆವತು ಮಲಗಿದ್ವು."

ಮನೆಗೆ ಬಂದು ಅಪ್ಪನಿಗೆ ಹೇಳಿದೆ. ಅವನು ಹಾಸಿಗೆಯ ಮೇಲೆ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದ. "ಬ್ಯಾಡ ಅಂದ್ರ ಹಚ್ಚಬಾರ್ದು," ಎಂದ. "ಕೇಳಾಕೂ ಹೋಗಬಾರ್ದು. ನಾ ಬಂದ ಮ್ಯಾಲ ಎಷ್ಟೋ ವರ್ಷ ರಸ್ತೆ ಬಿಟ್ಟು ಹೊಲದ ಮಣ್ಣಿನ ಮ್ಯಾಲ ಕಾಲಿಡಲಿಲ್ಲ. ನಿಮ್ಮವ್ವ ಒಂದು ದಿನಾನೂ ಕೇಳಲಿಲ್ಲ."

ಚಿಕ್ಕವಳಿದ್ದಾಗ ಓಣಿಯ ಮಕ್ಕಳನ್ನೆಲ್ಲ ಅವರವರ ಅಪ್ಪಂದಿರು ಹೊಲಕ್ಕೆ ಕರೆದೊಯ್ಯುತ್ತಿದ್ದರೆ, ನನ್ನಪ್ಪ ಹೊಲದ ಕೆಲಸವನ್ನು ಕಾಕಾನಿಗೆ ಬಿಟ್ಟು ಕಟ್ಟೆಯ ಮೇಲೆ ಕೂತಿರುತ್ತಿದ್ದ. ಸೈನ್ಯದಿಂದ ಬಂದವನಿಗೆ ಗತ್ತು ಎಂದು ಊರವರು ಆಡಿಕೊಳ್ಳುತ್ತಿದ್ದರು. ನಾನೂ ಹಾಗೆಂದೇ ತಿಳಿದಿದ್ದೆ. ಅಪ್ಪನ ಕೈಯಿಂದ ಎಣ್ಣೆಯ ಬಾಟಲಿ ತೆಗೆದುಕೊಂಡು ಅವನ ಪಾದಕ್ಕೆ ನಾನೇ ಹಚ್ಚಿದೆ.

ಮಿಕ್ಸರ್ ರಿಪೇರಿಯ ಕೆಲಸ ಯಾವುದಾದರೂ ಬಂದರೆ ನನ್ನನ್ನು ಅದಕ್ಕೆ ಹಾಕಿ ಎಂದು ಶೇಠ್‌ರಿಗೆ ಹೇಳಿಟ್ಟಿದ್ದೇನೆ. ನೋಡೋಣ ಎಂದಿದ್ದಾರೆ. ಇನ್ನೂ ಬಂದಿಲ್ಲ. ಮಗನ ಪರೀಕ್ಷೆ ಮುಗಿದು ಅವನಿಗೊಂದು ನೌಕರಿ ಆಗುವವರೆಗೆ ನಾನು ಹೋಗಲೇಬೇಕು. ಎದುರಿನ ಮೇಜಿಗೆ ಹೊಸಬಳೊಬ್ಬಳು ಬಂದಿದ್ದಾಳೆ, ವಿಜಯಪುರ ಕಡೆಯವಳು, ಕೈ ಚುರುಕು. ಹಲ್ಲಿನ ಮೂಲೆಯಲ್ಲಿ ತಂತಿ ಸಡಿಲವಾಗದಂತೆ ಹೇಗೆ ಎಳೆದು ಹಿಡಿಯಬೇಕೆಂದು ಅವಳಿಗೆ ಕಲಿಸುತ್ತಿದ್ದೇನೆ.