ಎಂಬತ್ತೂ ಎಡತೋಳು

ಸಮವಸ್ತ್ರ ಹೊಲಿಯುವ ಆ ಕಾರ್ಖಾನೆಯಲ್ಲಿ ಅವಳಿಗೆ ಟೇಪಕ್ಕ ಎಂದೇ ಹೆಸರು. ಕೊರಳಲ್ಲಿ ಅಳತೆಯ ಟೇಪು ಇಲ್ಲದೆ ಅವಳನ್ನು ಕಂಡವರಿಲ್ಲ. ಇಪ್ಪತ್ತಾರು ವರ್ಷ ಬಟ್ಟೆ ಕತ್ತರಿಸಿ ಪಳಗಿದ ಕೈ. ಅಂಥವಳು ಒಂದು ಬೆಳಿಗ್ಗೆ ನರ್ಸುಗಳ ನಲವತ್ತು ಅಂಗಿಗೆಂದು ಬಟ್ಟೆಯನ್ನು ಪದರಪದರವಾಗಿ ಹಾಸಿ ಎಂಬತ್ತು ತೋಳು ಕತ್ತರಿಸಿದಳು. ಎಂಬತ್ತೂ ಎಡಗೈಯವು. ಬಟ್ಟೆಗೆ ಒಂದೇ ಕಡೆ ಹೊಳಪು. ತಿರುವಿ ಬಲಗೈಗೆ ಹೊಲಿಯುವಂತೆಯೂ ಇರಲಿಲ್ಲ.

ಯಜಮಾನರು ಬೈಯಲಿಲ್ಲ. "ಸುಸ್ತಾಗಿದೀರಿ, ನಾಲ್ಕು ದಿನ ಮನೇಲಿರಿ," ಎಂದರು. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು ಅವಳಿಗೆ.

ಕೆಲವು ತಿಂಗಳಿಂದ ಹೀಗೇ ಆಗುತ್ತಿತ್ತು. ಮಾತಿನ ನಡುವೆ ಪದ ಕೈಕೊಡುತ್ತಿತ್ತು. ಪಾದ ಜುಮುಗುಡುತ್ತಿತ್ತು. ಮೆಟ್ಟಿಲು ಹತ್ತಿದರೆ ಮೈ ಮಣಭಾರ. ಯಾರಿಗೂ ಹೇಳಿರಲಿಲ್ಲ. ಅಪ್ಪನ ಮರೆವೂ ಹೀಗೆಯೇ ಶುರುವಾಗಿತ್ತು. ಮದುವೆಯ ಮಾತನ್ನು ಬದಿಗಿಟ್ಟು ಎಂಟು ವರ್ಷ ಆತನನ್ನು ನೋಡಿಕೊಂಡಿದ್ದಳು, ಕೊನೆಗೆ ಆತ ಮಗಳನ್ನೇ "ನೀವ್ಯಾರಮ್ಮಾ?" ಎಂದು ಕೇಳುತ್ತಿದ್ದ. ಆತನ ಬಟ್ಟೆ ಒಗೆದು, ಬಾಯಿಗೆ ತುತ್ತಿಟ್ಟು, ತಾನು ಟೀಯಲ್ಲಿ ಬ್ರೆಡ್ಡು ಅದ್ದಿ ನುಂಗಿ ಕೆಲಸಕ್ಕೆ ಓಡುವುದು ರೂಢಿಯಾಯಿತು. ಆತ ಹೋಗಿ ಮೂರು ವರ್ಷವಾದರೂ ಆ ರೂಢಿ ಹೋಗಲಿಲ್ಲ. ಒಬ್ಬಳಿಗಾಗಿ ಒಲೆ ಹಚ್ಚುವುದೆಂದರೆ ಬೆಟ್ಟ ಹೊತ್ತಂತೆ.

ಸುದ್ದಿ ತಿಳಿದು ತಮ್ಮನ ಹೆಂಡತಿ ಬಂದಳು. ಡಬ್ಬಿಗಳ ಮುಚ್ಚಳ ತೆಗೆದು ನೋಡಿದಳು.

"ಅಕ್ಕಾ, ಇದು ಅಡುಗೆಮನೆನಾ, ಟೀ ಅಂಗಡಿನಾ? ಏಳಿ, ಡಾಕ್ಟರ ಹತ್ರ ಹೋಗೋಣ."

"ನಂಗೆ ಗೊತ್ತಿರೋದನ್ನೇ ಹೇಳ್ತಾರೆ ಬಿಡು."

"ಗೊತ್ತಿದ್ರೆ ನೀವೇ ಅವರಿಗೆ ಹೇಳಿ ಬನ್ನಿ. ಏಳಿ."

ಡಾಕ್ಟರಮ್ಮ ಅಪ್ಪನ ಕಥೆಯನ್ನೆಲ್ಲ ಕೇಳಿಸಿಕೊಂಡು, "ನಿನ್ನೆ ಏನೇನು ತಿಂದ್ರಿ?" ಎಂದರು.

"ಟೀ... ಬ್ರೆಡ್ಡು... ಆಮೇಲೆ ಟೀ."

"ಮೊನ್ನೆ?"

"ಮೊನ್ನೆ ಬ್ರೆಡ್ಡೂ ಖಾಲಿಯಾಗಿತ್ತು ಅನ್ಸುತ್ತೆ," ಎಂದಳು ತಮ್ಮನ ಹೆಂಡತಿ.

ರಕ್ತಪರೀಕ್ಷೆಯಲ್ಲಿ ಬಿ ಹನ್ನೆರಡು ವಿಟಮಿನ್ ತಳ ಮುಟ್ಟಿತ್ತು. "ನರಕ್ಕೂ ಮಿದುಳಿಗೂ ಇದು ಬೇಕೇ ಬೇಕು," ಎಂದರು ಡಾಕ್ಟರಮ್ಮ. "ಎಲ್ಲಾ ಮರೆವೂ ನಿಮ್ಮಪ್ಪನ ಮರೆವಲ್ಲಮ್ಮ. ಇಂಜೆಕ್ಷನ್ ಕೊಡ್ತೀನಿ. ಹಾಲು, ಮೊಸರು, ಮೊಟ್ಟೆ, ಮೀನು, ನಿಮಗೆ ಯಾವುದು ಸೇರುತ್ತೋ ಅದನ್ನ ದಿನಾ ತಿನ್ನಿ. ಸೊಪ್ಪು, ಕಾಳೂ ಇರಲಿ."

ಜೀವ ಹಗುರಾಗಬೇಕಿತ್ತು. ಆಗಲಿಲ್ಲ. "ಅಪ್ಪಂಗೂ ಕೊನೆಕೊನೇಲಿ ಟೀ-ಬ್ರೆಡ್ಡೇ ಕೊಟ್ಟೆ. ಬೇರೇನೂ ನುಂಗ್ತಿರ್ಲಿಲ್ಲ. ಅವರಿಗೂ ಇದೇ ಆಗಿದ್ದಿದ್ರೆ?"

ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು. "ಮರೆವು ಮೊದಲು ಬಂತಾ, ಊಟ ಮೊದಲು ಬಿಟ್ರಾ?"

"ಮರೆವು."

"ಹಾಗಿದ್ರೆ ಇದೇ ಕಾರಣ ಅನ್ನೋಕಾಗಲ್ಲ. ಅಲ್ಲವೇ ಅಲ್ಲ ಅಂತ ಆಣೆ ಮಾಡೋಕೂ ನನ್ನಿಂದಾಗಲ್ಲಮ್ಮ."

ಬಸ್ಸಿನಲ್ಲಿ ಅವಳು ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ಮಾಡಿಕೊಂಡು ಕೂತಿದ್ದಳು.

ಮೊದಲು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು ಇಂಜೆಕ್ಷನ್. ಮೂರನೆಯ ತಿಂಗಳ ಹೊತ್ತಿಗೆ ಕೈಕೊಡುತ್ತಿದ್ದ ಪದಗಳು ಒಂದೊಂದಾಗಿ ಮರಳಿದವು. ಪಾದದ ಜೋಮು ಮಾತ್ರ ಪೂರ್ತಿ ಬಿಡಲಿಲ್ಲ. ಅಲ್ಲಿಯವರೆಗೆ ಅವಳನ್ನು ಗುಂಡಿ ಹಚ್ಚಲು ಕೂರಿಸಿದ್ದ ಯಜಮಾನರು ಕತ್ತರಿಯನ್ನು ಮತ್ತೆ ಅವಳ ಕೈಗೇ ಕೊಟ್ಟರು. ಈಗ ಕತ್ತರಿಸುವ ಮೊದಲು ಬಟ್ಟೆಯ ಪ್ರತಿ ಹಾಸನ್ನೂ ಎರಡು ಸಲ ನೋಡುತ್ತಾಳೆ, ಕೆಲಸ ನಿಧಾನ. ಮಧ್ಯಾಹ್ನ ಒಂದಕ್ಕೆ ತಮ್ಮನ ಹೆಂಡತಿಯ ಫೋನು ಬರುತ್ತದೆ. "ಉಂಡ್ರಾ?" ಹೂಂ ಅಂದರೆ ಸಾಲದು, ಏನು ಉಂಡೆನೆಂದು ಬಿಡಿಸಿ ಹೇಳಬೇಕು. ಕೆಲವು ದಿನ ಸಂಜೆ ಬಂದರೆ ಒಂದು ಮೊಟ್ಟೆ ಬೇಯಿಸುವಷ್ಟೂ ತ್ರಾಣವಿರುವುದಿಲ್ಲ. ಆಗ ಒಂದು ಲೋಟ ಹಾಲು ಕಾಯಿಸಿ, ಬೇಡವೆನಿಸಿದರೂ ಪೂರ್ತಿ ಕುಡಿದು, ಕಾಲು ನೀವಿಕೊಳ್ಳುತ್ತ ಮಲಗುತ್ತಾಳೆ.