ಡೆಲ್ಬರ್ಟ್ ಮರೆತ ಬಿರಡೆ

ಟಾಲಿವರ್ ಕೆರೆಯ ದಂಡೆಯಲ್ಲಿ ಡಾಗ್‌ವುಡ್ ಮರಗಳು ಬೆಳ್ಳಗೆ ಅರಳಿದವೆಂದರೆ ಅಲಬಾಮದ ನಮ್ಮ ಈ ಮೂಲೆಯಲ್ಲಿ ಯಾರಿಗೂ ಮನೆಯಲ್ಲಿ ಕಾಲು ನಿಲ್ಲುವುದಿಲ್ಲ. ಚಳಿಗಾಲವಿಡೀ ಆಳದಲ್ಲಿ ಬಿದ್ದುಕೊಂಡಿದ್ದ ಬಾಸ್ ಮೀನುಗಳು ಮೊಟ್ಟೆಯಿಡಲು ದಂಡೆಯ ಬೆಚ್ಚನೆ ನೀರಿಗೆ ಬರುವ ಕಾಲ ಅದು. ಗಂಡಸರಿಗೆ ಇದ್ದಕ್ಕಿದ್ದಂತೆ ಹಲ್ಲುನೋವು ಬರುತ್ತದೆ, ದೂರದ ಚಿಕ್ಕಮ್ಮಂದಿರು ತೀರಿಕೊಳ್ಳುತ್ತಾರೆ, ಹಾಗೆಂದು ರಜೆ ಹಾಕಿದವರೆಲ್ಲ ಬೆಳಿಗ್ಗೆ ಆರಕ್ಕೆ ನನ್ನ ಅಂಗಡಿಯ ಮುಂದೆ ನಿಂತಿರುತ್ತಾರೆ. ನಾನು ನೇಡೀನ್, ಗಾಳಕ್ಕೆ ಹಾಕುವ ಎರೆ ಮಾರುವವಳು. ತೊಟ್ಟಿಯಲ್ಲಿ ಜೀವಂತ ಮರಿಮೀನು, ಫ್ರಿಜ್ಜಿನಲ್ಲಿ ಎರೆಹುಳು, ಗೋಡೆಯ ಮೇಲೆ ಬಣ್ಣಬಣ್ಣದ ರಬ್ಬರ್ ಹುಳು. ಮೂವತ್ತೊಂದು ವರ್ಷದಿಂದ ಇದೇ ಕೆಲಸ. ಎರಡು ಪೌಂಡಿನ ಮೀನು ಹತ್ತು ಪೌಂಡಾಗುವುದನ್ನು ಕೇಳಿ ಕೇಳಿ ನನ್ನ ಕಿವಿ ಹದವಾಗಿದೆ.

ಡೆಲ್ಬರ್ಟ್ ರಾಗ್ಸ್‌ಡೇಲ್ ಆ ಪೈಕಿ ಅಲ್ಲ. ಮರದ ಮಿಲ್ಲಿನಲ್ಲಿ ನಲವತ್ತು ವರ್ಷ ಗರಗಸಕ್ಕೆ ಸಾಣೆ ಹಿಡಿದು ನಿವೃತ್ತರಾದ ಎಪ್ಪತ್ತಾರರ ಮನುಷ್ಯ. ಕಡ್ಡಿಯಂಥ ಮೈ, ಕಡ್ಡಿ ಮುರಿದಂಥ ಮಾತು. ಜೀವಂತ ಮರಿಮೀನು ಬಿಟ್ಟರೆ ಬೇರೆ ಎರೆ ಮುಟ್ಟಿದವರಲ್ಲ. ಮರಿಯ ಬೆನ್ನಿನ ರೆಕ್ಕೆಯ ಹತ್ತಿರ ಚರ್ಮಕ್ಕಷ್ಟೇ ಕೊಕ್ಕೆ ಚುಚ್ಚುತ್ತಾರೆ. ಅದು ಈಜುತ್ತಲೇ ಇರಬೇಕು. ರಬ್ಬರ್ ಹುಳು ಕಂಡರೆ ಮೂಗು ಮುರಿಯುತ್ತಾರೆ.

"ಮೀನೇನು ದಡ್ಡನಾ ಮಿಸ್ ನೇಡೀನ್? ಅದು ಮಕ್ಕಳಾಟಿಕೆ."

ಇದನ್ನು ಅವರು ಜೋರಾಗಿ ಹೇಳುವುದು ಮಗಳು ಟ್ವೈಲಾ ಹತ್ತಿರದಲ್ಲಿದ್ದಾಗ. ಶಾಲೆಯ ಬಸ್ಸು ಓಡಿಸುವ ಟ್ವೈಲಾ ರಬ್ಬರ್ ಹುಳುವಿನ ಪಕ್ಷ. ಅಪ್ಪನ ಹುಟ್ಟುಹಬ್ಬಕ್ಕೆ ಒಂದು ಪೊಟ್ಟಣ ನೇರಳೆ ಹುಳುಗಳನ್ನೇ ಕೊಟ್ಟವಳು. ಅವರು ಅದನ್ನು ಒಡೆಯದೆ ದೋಣಿಯ ಸಾಮಾನು ಪೆಟ್ಟಿಗೆಯ ತಳಕ್ಕೆ ಹಾಕಿದರು.

ನನ್ನ ಅಂಗಡಿಯಲ್ಲೊಂದು ಕರಿಹಲಗೆಯಿದೆ, ಬಿರಡೆ ಮರೆತವರ ಹಲಗೆ. ಪ್ರತಿ ದೋಣಿಯ ಹಿಂಬದಿಯ ತಳದಲ್ಲೂ ಹೆಬ್ಬೆರಳು ಗಾತ್ರದ ಒಂದು ತೂತಿರುತ್ತದೆ. ಮನೆಗೆ ಹೋದಾಗ ಬಿರಡೆ ತೆಗೆದಿಟ್ಟರೆ ಮಳೆನೀರು ಹರಿದುಹೋಗುತ್ತದೆ. ಮರುದಿನ ಬಿರಡೆ ಹಾಕದೆ ಕೆರೆಗಿಳಿಸಿದರೆ ಕೆರೆಯೇ ಒಳಗೆ ಬರುತ್ತದೆ. ಹಾಗೆ ಮರೆತವರ ಹೆಸರು ಹಲಗೆಗೇರುತ್ತದೆ, ಅವರು ಶನಿವಾರ ಎಲ್ಲರಿಗೂ ಡೋನಟ್ ತರಬೇಕು. ಇಪ್ಪತ್ತೆರಡು ವರ್ಷದಿಂದ ಸೀಮೆಸುಣ್ಣ ಡೆಲ್ಬರ್ಟ್ ಕೈಯಲ್ಲಿದೆ. ಪಾದ್ರಿಯನ್ನೂ ಬಿಟ್ಟಿಲ್ಲ, ಹೆತ್ತ ಮಗಳನ್ನೂ ಬಿಟ್ಟಿಲ್ಲ. ತಮ್ಮ ಹೆಸರು ಒಮ್ಮೆಯೂ ಏರಿಲ್ಲವೆಂಬ ಜಂಬ ಬೇರೆ.

ಆದರೆ ಹೋದ ಚಳಿಗಾಲದಲ್ಲಿ ಎರಡು ಸಂಗತಿ ನಡೆದವು. ಡೆಲ್ಬರ್ಟ್ ಒಲೆಯ ಮೇಲೆ ಜೋಳದ ಗಂಜಿ ಇಟ್ಟು ಮರೆತರು, ಪಾತ್ರೆ ಕರಕಲಾಯಿತು. ಇನ್ನೊಮ್ಮೆ ಭಾನುವಾರದ ಪ್ರಾರ್ಥನೆಗೆಂದು ಶನಿವಾರವೇ ಸೂಟು ತೊಟ್ಟು ಚರ್ಚಿನ ಮುಂದೆ ಕೂತಿದ್ದರು. ಗಂಜಿಯ ಸುದ್ದಿಯನ್ನು ಅವರೇ ಹೇಳಲಿಲ್ಲ. ಪಾತ್ರೆಯನ್ನು ಹಿತ್ತಲಲ್ಲಿ ಹೂತಿಟ್ಟಿದ್ದು ಟ್ವೈಲಾಗೆ ಸಿಕ್ಕಿತು. ಅವಳು ಅಪ್ಪನನ್ನು ನನ್ನ ಅಂಗಡಿಗೇ ಕರೆತಂದಳು.

"ಮಿಸ್ ನೇಡೀನ್, ನೀವೇ ಸಾಕ್ಷಿ. ಇನ್ನೊಂದ್ಸಲ ಏನಾದ್ರೂ ಮರೆತ್ರೆ ದೋಣಿ ಕೀ ನಂಗೆ ಕೊಡ್ಬೇಕು. ಒಬ್ಬರೇ ಕೆರೆಗೆ ಹೋಗೋ ಹಾಗಿಲ್ಲ."

"ಆಯ್ತು ಬಿಡಮ್ಮ," ಎಂದರು ಡೆಲ್ಬರ್ಟ್. ಮುಖ ಮಾತ್ರ ಗೋಡೆಯ ಕಡೆಗಿತ್ತು. ಒಬ್ಬರೇ ಕೆರೆಯಲ್ಲಿ ಕೂರುವುದೊಂದನ್ನು ಬಿಟ್ಟರೆ ಆ ಮನುಷ್ಯನಿಗೆ ಬೇರೆ ಸುಖ ಇಲ್ಲವೆಂದು ನನಗೆ ಗೊತ್ತಿತ್ತು. ನನಗೆ ಟ್ವೈಲಾ ಮೇಲೆ ಸಿಟ್ಟು ಬಂತು. ಅವಳ ಮಾತು ಸರಿ ಎಂದು ಇನ್ನೂ ಸಿಟ್ಟು ಬಂತು.

ಏಪ್ರಿಲ್ ಮೊದಲ ವಾರ. ಬೆಳಿಗ್ಗೆ ಎರಡು ಡಜನ್ ಮರಿಮೀನು ತೆಗೆದುಕೊಂಡು ಹೋದ ಡೆಲ್ಬರ್ಟ್ ಹತ್ತು ಗಂಟೆಗೇ ವಾಪಸು ಬಂದರು. ಮೊಣಕಾಲಿನವರೆಗೆ ಒದ್ದೆ. ಬಕೆಟ್ಟು ಖಾಲಿ. ಅಂಗಡಿಯಲ್ಲಿ ನಾನೊಬ್ಬಳೇ ಇದ್ದೆ. ಹತ್ತು ನಿಮಿಷ ಕಾಫಿ ಕುಡಿದ ಮೇಲೆ ಬಾಯಿಬಿಟ್ಟರು.

ದೋಣಿ ಓಡುವಷ್ಟು ಹೊತ್ತು ಏನೂ ಗೊತ್ತಾಗಿಲ್ಲ. ಓಟದಲ್ಲಿ ನೀರು ಒಳಬರುವುದಿಲ್ಲ. ಕೆರೆ ದಂಡೆಯೊಳಗೆ ಬಾಗಿದ ಒಂದು ಮೂಲೆಯಲ್ಲಿ, ಬಿದ್ದ ಓಕ್ ಮರದ ಪಕ್ಕ ನಿಲ್ಲಿಸಿ ಗಾಳ ಹಾಕಿದ್ದಾರೆ. ದಾರಕ್ಕೆ ಕಟ್ಟಿದ ತೇಲುವ ಬೆಂಡು ಒಮ್ಮೆ ನಡುಗಿ ಸರಕ್ಕನೆ ಮುಳುಗಿದೆ. ಕೋಲು ಬಿಲ್ಲಾಗಿದೆ. ಮೀನು ನೀರಿಂದ ಮೇಲೆ ಹಾರಿ, ಮುಷ್ಟಿ ಹಿಡಿಸುವಷ್ಟು ಬಾಯಿ ತೆರೆದು ತಲೆ ಕೊಡವಿದೆ. ಹೊಟ್ಟೆ ತುಂಬ ಮೊಟ್ಟೆ ಹೊತ್ತ ತಾಯಿ ಮೀನು. ಅದೇ ಹೊತ್ತಿಗೆ ಸಾಸೇಜ್ ಬನ್ನಿನ ಪೊಟ್ಟಣ ಅವರ ಬೂಟಿನ ಪಕ್ಕದಿಂದ ತೇಲಿಕೊಂಡು ಹೋಗಿದೆ.

"ಕಾಫಿ ಫ್ಲಾಸ್ಕೂ ಹಿಂದೇನೇ ಹೊರಡ್ತು," ಎಂದರು. "ಬಿರಡೆ ದಡದಲ್ಲಿ ನಿಲ್ಸಿದ ಟ್ರಕ್ಕಲ್ಲೇ ಇದೆ, ನಾನು ಇಲ್ಲಿದೀನಿ ಅಂತ ಆಗ ಗೊತ್ತಾಯ್ತು."

"ಮೀನು?"

"ದಾರ ಕತ್ತರಿಸಿಬಿಟ್ಟೆ. ತೂತಿಗೆ ತುರುಕೋಕೆ ಏನಿದೆ ಅಂತ ಪೆಟ್ಟಿಗೆ ತಡಕಾಡಿದ್ರೆ ಕೈಗೆ ಸಿಕ್ಕಿದ್ದು ಟ್ವೈಲಾ ಕೊಟ್ಟ ಆಟಿಕೆ. ಆರು ಹುಳ ಮಡಚಿ ಹೆಬ್ಬೆರಳಲ್ಲಿ ಒತ್ತಿದೆ. ನಿಂತೋಯ್ತು. ಆಮೇಲೆ ಬಕೆಟ್ಟಲ್ಲಿ ನೀರು ಎತ್ತಿ ಹಾಕ್ದೆ."

"ಬಕೆಟ್ಟಲ್ಲಿ ಮರಿಮೀನು ಇತ್ತಲ್ಲ?"

"ಅವಕ್ಕೆ ಇವತ್ತು ಹಬ್ಬ."

ನನಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿಸುವಷ್ಟರಲ್ಲಿ ಕೀಲಿಕೈಯ ಒಪ್ಪಂದ ನೆನಪಾಯಿತು. ಅವರ ಮುಖದಲ್ಲಿ ನಗು ಇರಲೇ ಇಲ್ಲ.

"ಯಾರಾದ್ರೂ ನೋಡಿದ್ರಾ?" ಎಂದೆ.

"ಒಂದು ಬಾತುಕೋಳಿ."

"ಹಾಗಾದ್ರೆ ನಾನೂ ಏನೂ ಕೇಳಿಸ್ಕೊಂಡಿಲ್ಲ. ಮನೆಗೆ ಹೋಗಿ ಪ್ಯಾಂಟು ಬದಲಾಯಿಸಿ."

ಬೇರೆಯವರ ಸುಳ್ಳು ಮೂವತ್ತೊಂದು ವರ್ಷ ಕೇಳಿದವಳು ನಾನು. ಆವತ್ತು ಮೊದಲ ಸಲ ಸುಳ್ಳಿಗೆ ಕೈಜೋಡಿಸಲು ತಯಾರಾಗಿದ್ದೆ, ಸ್ವಲ್ಪವೂ ನಾಚಿಕೆಯಿಲ್ಲದೆ. ಡೆಲ್ಬರ್ಟ್ ಬಾಗಿಲವರೆಗೆ ಹೋದರು. ಅಲ್ಲೇ ನಿಂತರು. ಆಮೇಲೆ ಹಿಂದಿರುಗಿ ಬಂದು ಸೀಮೆಸುಣ್ಣ ತೆಗೆದುಕೊಂಡು ಎಲ್ಲರಿಗೂ ಬರೆಯುವಷ್ಟೇ ದಪ್ಪ ಅಕ್ಷರದಲ್ಲಿ ಬರೆದರು: ಡೆಲ್ಬರ್ಟ್ ರಾಗ್ಸ್‌ಡೇಲ್. ದೋಣಿಯ ಕೀಲಿಕೈಯನ್ನು ಗಲ್ಲಾಪೆಟ್ಟಿಗೆಯ ಪಕ್ಕ ಇಟ್ಟು, ಒದ್ದೆ ಬೂಟಿನಲ್ಲೇ ಬೆಂಚಿನ ಮೇಲೆ ಕೂತು, ಮಗಳ ದಾರಿ ಕಾದರು.

ಟ್ವೈಲಾ ಮಧ್ಯಾಹ್ನ ಬಸ್ಸು ನಿಲ್ಲಿಸಿ ಬಂದಳು. ಹಲಗೆ ನೋಡಿದಳು, ಕೀಲಿಕೈ ನೋಡಿದಳು, ಅಪ್ಪನ ಬೂಟು ನೋಡಿದಳು.

"ಹೇಗಪ್ಪ ಆಯ್ತು?"

"ಹೇಗೂ ಇಲ್ಲ. ಮರ್ತೆ."

"ನೀರು ಬಂದಾಗ ಏನ್ಮಾಡಿದ್ರಿ?"

ಡೆಲ್ಬರ್ಟ್ ನನಗೆ ಹೇಳಿದ್ದನ್ನೇ ಅದೇ ಕ್ರಮದಲ್ಲಿ ಹೇಳಿದರು. ನೇರಳೆ ಹುಳುವಿನ ಜಾಗ ಬಂದಾಗ ದನಿ ಸ್ವಲ್ಪ ಇಳಿಯಿತು. ಟ್ವೈಲಾ ತುಟಿ ಕಚ್ಚಿಕೊಂಡು ಕೇಳಿದಳು.

"ನಾನು ಬಿರಡೆ ಮರೆತಾಗ ದಡದಲ್ಲಿದ್ದೋರಿಗೆ ಕೇಳ್ಲಿ ಅಂತ ಕಿರುಚ್ತಾ ನಿಂತಿದ್ದೆ. ದೋಣಿ ಸೀಟಿನವರೆಗೂ ಮುಳುಗ್ತು," ಎಂದಳು. ಕೀಲಿಕೈ ಎತ್ತಿಕೊಂಡು ಹೊರಗೆ ಹೋದಳು. ಡೆಲ್ಬರ್ಟ್ ತಲೆ ತಗ್ಗಿಸಿದರು. ನನಗೆ ಅವರನ್ನು ನೋಡಲಾಗಲಿಲ್ಲ. ತೊಟ್ಟಿಯ ಮರಿಮೀನು ಎಣಿಸುವವಳಂತೆ ನಿಂತೆ.

ಐದು ನಿಮಿಷದಲ್ಲಿ ಅವಳು ಅವರ ಟ್ರಕ್ಕಿನಿಂದ ಬಿರಡೆ ತಂದಳು. ನನ್ನ ಗೋಡೆಯಿಂದ ಗಾಳದ ದಾರದ ಒಂದು ಕೊಂಡಿ ಕಿತ್ತು, ಬಿರಡೆಯನ್ನೂ ಕೀಲಿಕೈಯನ್ನೂ ಒಂದಕ್ಕೊಂದು ಸಿಕ್ಕಿಸಿ ಅಪ್ಪನ ಅಂಗೈಯಲ್ಲಿಟ್ಟಳು.

"ಇದನ್ನ ಬಿಡಿಸ್ದೆ ಎಂಜಿನ್ ಸ್ಟಾರ್ಟ್ ಮಾಡಕ್ಕಾಗಲ್ಲ. ಬಿಡಿಸ್ದಾಗ ಬಿರಡೆ ಕೈಯಲ್ಲೇ ಇರತ್ತೆ."

"ಮರೆತ್ರೆ ಕೀ ನಿಂಗೆ ಅಂತ ಮಾತಾಗಿತ್ತಲ್ಲ," ಎಂದರು ಡೆಲ್ಬರ್ಟ್.

"ಆ ಪಾತ್ರೆ ಯಾಕಪ್ಪ ಹೂತಿಟ್ರಿ?" ಟ್ವೈಲಾ ಕಣ್ಣು ತುಂಬಿತ್ತು. "ನೀವು ಮರೀತೀರ ಅಂತ ನಂಗೆ ಹೆದರಿಕೆ ಇರ್ಲಿಲ್ಲ. ಮರೆತಿದ್ದನ್ನ ನಂಗೆ ಹೇಳಲ್ಲ ಅಂತ ಹೆದರಿಕೆ ಇತ್ತು."

ಡೆಲ್ಬರ್ಟ್ ಆ ಕೊಂಡಿಯನ್ನು ಒಮ್ಮೆ ಬಿಡಿಸಿದರು, ಮತ್ತೆ ಹಾಕಿದರು.

"ಮೀನು ಒಂಬತ್ತು ಪೌಂಡ್ ಇತ್ತು ಕಣಮ್ಮ."

"ನಂಬಿದೆ ಅಪ್ಪ," ಎಂದಳು ಟ್ವೈಲಾ.